ಎತ್ತಿನ ಗಾಡಿಯಲ್ಲಿ ಸತ್ತ ಅಜ್ಜಿ

ಶಿಡ್ಲಘಟ್ಟ
೧೪-೮-೧೯೮೮, ಭಾನುವಾರ

ಅಮ್ಮಾ,

ಮಾತೃಶ್ರೀಯವರ ಪಾದಗಳಿಗೆ ಅಂತ ಶುರು ಮಾಡಬೇಕು ಎಂದು ನೀನೇ ಕಲಿಸಿದ್ದೆ. ಇವತ್ತು ಕೈ ಬರಲಿಲ್ಲ. ನಾನು ಕ್ಷೇಮ, ಅಜ್ಜಿಯೂ ಕ್ಷೇಮ. ಅಜ್ಜಿ ಕ್ಷೇಮ ಎಂಬ ಮಾತನ್ನು ದಯವಿಟ್ಟು ಇನ್ನೊಂದು ಸಲ ಓದಿಕೋ.

ನಗರಗೆರೆಯಿಂದ ನೀನು ಬರೆದ ಕಾಗದ ಮೊನ್ನೆ ಬಂತು. ಶಾಲೆಗೆ ರಜ ಹಾಕಿ ಬರಲಾಗುವುದಿಲ್ಲ ಎಂದು ಒಂದು ಸಾಲು, ಉಳಿದದ್ದೆಲ್ಲ ನನಗೆ ಬೈಗುಳ. ಬಾಯಿಗೆ ಬಂದ ಮೆಡಿಕಲ್ ಸೀಟನ್ನು ಉಗಿದು ಬಂದೆ ಎಂದಿದ್ದೀಯ. ಒಂದು ಸುಳ್ಳು ಹೇಳಿದ್ದರೆ ಅಜ್ಜಿಯೇನು ನಿಜವಾಗಿ ಸಾಯುತ್ತಿದ್ದಳೇ ಅಂತ ಕೇಳಿದ್ದೀಯ. ಆವುಲಪ್ಪ ಮೇಷ್ಟ್ರ ಹತ್ತಿರ ಹೋಗಿ ತಪ್ಪಾಯಿತು ಅನ್ನಬೇಕು, ಮುಂದಿನ ವರ್ಷಕ್ಕೂ ಅವರ ಕೈಯಲ್ಲೇ ತಯಾರಾಗಬೇಕು ಎಂದೂ ಬರೆದಿದ್ದೀಯ. ನಾನು ಹೋಗುವುದಿಲ್ಲ ಅಮ್ಮ. ಡಾಕ್ಟರಾಗುವ ಆಸೆ ಬಿಟ್ಟಿಲ್ಲ, ಆ ಮನುಷ್ಯನನ್ನು ಬಿಟ್ಟಿದ್ದೇನೆ. ಹರಿದು ಹಾಕದೆ ಕೊನೆವರೆಗೂ ಓದು.

ನೀನು ನನ್ನನ್ನು ಚಿಕ್ಕಬಳ್ಳಾಪುರದಲ್ಲಿ ಮೇಷ್ಟ್ರ ಮುಂದೆ ಕೂರಿಸಿ ಬಸ್ಸು ಹತ್ತಿಬಿಟ್ಟೆ. ಆಮೇಲೆ ನಡೆದದ್ದು ನಿನಗೆ ಅರ್ಧ ಗೊತ್ತು. ನನ್ನ ಹೆಸರು ಆಂಜಿನಮ್ಮ ಅಂದ ಕೂಡಲೇ ಅವರಿಗೆ ಆದ ಸಂತೋಷ ನೋಡಬೇಕಿತ್ತು. ಈ ಹೆಸರೇ ಅರ್ಧ ಸೀಟು ಕಣಮ್ಮಾ, ಬದಲಾಯಿಸಿ ಗಿದಲಾಯಿಸಿಕೊಂಡೀಯ ಅಂದರು. ಆ ಟ್ರಸ್ಟಿನವರು ತಮ್ಮ ಕಾಲೇಜಿನಲ್ಲಿ ಹಳ್ಳಿಗಾಡಿನ ಬಡ ಹುಡುಗಿಗೆ ಅಂತ ಒಂದು ಸೀಟು ಇಟ್ಟಿದ್ದಾರಲ್ಲ, ಅದಕ್ಕೆ ಬರುವವರೆಲ್ಲ ಒಳ್ಳೆ ಅಂಕದವರೇ, ಆದ್ದರಿಂದ ಸಂದರ್ಶನದಲ್ಲಿ ಯಾರು ಅವರ ಕಣ್ಣಲ್ಲಿ ನೀರು ತರಿಸುತ್ತಾರೋ ಅವರಿಗೇ ಸೀಟು ಅನ್ನುವುದು ಮೇಷ್ಟ್ರ ಲೆಕ್ಕ. ಗಡಿಯಾರ ಕಟ್ಟಬಾರದು. ನೀನು ಯುಗಾದಿಗೆ ತಂದ ಹಸಿರು ಲಂಗ ಉಡಬಾರದು, ಬಣ್ಣ ಹೋದದ್ದು ಉಡಬೇಕು. ತಲೆಗೆ ಎಣ್ಣೆ ಜಾಸ್ತಿ ಇರಬೇಕು. ಕರವಸ್ತ್ರವನ್ನು ಯಾವ ಮಾತಿಗೆ ತೆಗೆಯಬೇಕು ಅನ್ನುವುದನ್ನೂ ತೋರಿಸಿಕೊಟ್ಟರು. ದಪ್ಪ ಮೀಸೆಯ ಆ ಮನುಷ್ಯ ಹೆಣ್ಣುಮಗಳ ಹಾಗೆ ಕಣ್ಣೊತ್ತಿಕೊಂಡು ತೋರಿಸುವಾಗ ನನಗೆ ಹೇಸಿಗೆಯಾಯಿತು.

ನಿಮ್ಮ ಮನೇಲಿ ಯಾರು ಸತ್ತಿದ್ದಾರೆ ಅಂತ ಕೇಳಿದರು. ಅಂಗಡಿಯಲ್ಲಿ ಬೆಲ್ಲ ಇದೆಯಾ ಅಂತ ಕೇಳುವ ಹಾಗೆ ಕೇಳಿದರು. ಅಪ್ಪ ಅಂದೆ. ಹೇಗೆ ಅಂದರು. ಸಾರಾಯಿ ಕುಡಿದು ಕುಡಿದು, ಹೊಟ್ಟೆ ಊದಿಕೊಂಡು, ರಕ್ತ ವಾಂತಿ ಮಾಡಿ ಅಂದೆ. ಆ ರಕ್ತ ಹಿಡಿದ ಬಟ್ಟಲನ್ನು ತೊಳೆದವಳು ನಾನು, ಡಾಕ್ಟರಾಗಬೇಕು ಅಂತ ನನಗೆ ಅನ್ನಿಸಿದ್ದು ಅವತ್ತೇ, ಅಂತಲೂ ಹೇಳಲು ಹೊರಟಿದ್ದೆ. ಅವರು ಕೈ ಅಡ್ಡ ಹಿಡಿದರು. ಕುಡುಕ ಸತ್ತರೆ ಯಾರೂ ಅಯ್ಯೋ ಅನ್ನಲ್ಲ, ಅದು ಬೇಡ, ಅಜ್ಜಿ ಇದ್ದಾಳಾ? ಇದ್ದಾಳೆ ಸಾರ್ ಅಂದೆ. ಸರಿ, ಅಜ್ಜೀನ ಸಾಯಿಸಣ ಅಂದರು.

ಆಮೇಲೆ ಸಾಯಿಸಿದರು. ಕಾಯಿಲೆ ಅಜ್ಜಿಯನ್ನು ಜೋರು ಮಳೆಯಲ್ಲಿ ಎತ್ತಿನ ಗಾಡಿಯಲ್ಲಿ ಮಲಗಿಸಿಕೊಂಡು ಚಿಂತಾಮಣಿ ಕಡೆ ಹೊರಟಿದ್ದೆವಂತೆ. ಕೆರೆ ಕಟ್ಟೆಯ ಮೇಲೆ ಗಾಲಿ ಹೂತುಹೋಯಿತಂತೆ. ಅಜ್ಜಿ ನನ್ನ ತೊಡೆಯ ಮೇಲೆ ತಲೆಯಿಟ್ಟು, ನೀನು ಡಾಕ್ಟರಾಗು ತಾಯಿ ಅಂತ ಪ್ರಾಣ ಬಿಟ್ಟಳಂತೆ. ನಮಗೆ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಸರ್ಕಾರಿ ಆಸ್ಪತ್ರೆ ನಮ್ಮ ಬೀದಿಯ ಕೊನೆಗಿದೆ. ಇದನ್ನೆಲ್ಲ ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸಿ ನಿನಗೂ ತಿಳಿಸಿದರಲ್ಲ, ನೀನು ಏನೆಂದು ಬರೆದೆ? ಗಾಡಿಯ ಭಾಗ ಚೆನ್ನಾಗಿದೆ, ಉಚ್ಚಾರಣೆ ನೋಡಿಕೋ ಅಂತ ಬರೆದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಾಯಿತು. ಸತ್ತವಳು ನಿನ್ನ ಹೆತ್ತ ತಾಯಿ ಅಮ್ಮ. ಮೇಷ್ಟ್ರ ಮೇಲೆ ಬಂದ ಅಸಹ್ಯ ಒಂದು ತೂಕವಾದರೆ, ನಿನ್ನ ಆ ಸಾಲಿನ ಮೇಲೆ ಬಂದದ್ದು ಇನ್ನೊಂದು ತೂಕ. ಬರೆಯಬಾರದು, ಆದರೂ ಬರೆದೆ.

ಅಜ್ಜಿಗೆ ಹೇಳಬಾರದು ಅಂತಲೇ ಇದ್ದೆ. ಅವಳು ಗೂಡು ಬೇಯಿಸಿ ನೂಲು ತೆಗೆಯುವ ಅಮೀರ್ ಜಾನ್ ಸಾಹೇಬರ ರೇಷ್ಮೆ ಫಿಲೇಚರಿನಿಂದ ಬೇಗ ಬಂದ ದಿನ, ನಾನು ಕನ್ನಡಿ ಮುಂದೆ ಕರವಸ್ತ್ರ ಹಿಡಿದು ಅಳುವುದನ್ನು ಅಭ್ಯಾಸ ಮಾಡುತ್ತಿದ್ದೆ. ಬೆಂದ ಗೂಡಿನ ವಾಸನೆ ಬಂದಾಗಲೇ ಹಿಂದೆ ನಿಂತಿದ್ದಾಳೆ ಅಂತ ಗೊತ್ತಾದದ್ದು. ಯಾಕೆ ಅಳ್ತಿದ್ದೀಯೇ ಅಂತ ಹೆದರಿಬಿಟ್ಟಳು. ಹೇಳಲೇಬೇಕಾಯಿತು. ಅವಳು ಬೈಯುತ್ತಾಳೆ ಅಂದುಕೊಂಡೆ. ಬಿಸಿನೀರಿನಲ್ಲಿ ನೆನೆದು ಬೆಳ್ಳಗಾದ ಬೆರಳು ಒರೆಸಿಕೊಳ್ಳುತ್ತಾ, ಏಮಿ ತಲ್ಲೀ, ಗಾಡೀಲಿ ನಿಮ್ಮಮ್ಮ ಇರಲಿಲ್ವಾ ಅಂತ ಕೇಳಿದಳು. ಮೇಷ್ಟ್ರು ನಿನ್ನನ್ನು ಗಾಡಿಗೆ ಹತ್ತಿಸಿಯೇ ಇರಲಿಲ್ಲ.

ಆಮೇಲೆ ಅವಳೇ ಒಂದು ದಾರಿ ಹುಡುಕಿಕೊಂಡಳು. ಅವಳ ತಲೆಗೆ ಕಾಗೆ ಬಡಿದ ವರ್ಷ ನೆನಪಿದೆಯಾ? ಕಾಗೆ ಮುಟ್ಟಿದರೆ ಕೇಡು, ಸತ್ತಳು ಅಂತ ಸುಳ್ಳು ಸುದ್ದಿ ಕಳಿಸಿ ನೆಂಟರು ಅತ್ತುಬಿಟ್ಟರೆ ಕೇಡು ಕಳೆಯುತ್ತೆ ಅಂತ ನಂದಿಯ ಓಬಳಮ್ಮ ಚಿಕ್ಕಜ್ಜಿಗೆ ಕಾರ್ಡು ಹಾಕಿದ್ದಿರಿ. ಪುಟ್ಟ ರೈಲಿನಲ್ಲಿ ಎದೆ ಬಡಿದುಕೊಂಡು ಬಂದ ಚಿಕ್ಕಜ್ಜಿ, ಬಾಗಿಲಲ್ಲಿ ಎಲೆಅಡಿಕೆ ಹಾಕಿಕೊಂಡು ಕೂತ ಅಕ್ಕನನ್ನು ನೋಡಿ, ಬೈದು, ಹೋಳಿಗೆ ಉಂಡು ಹೋಗಿದ್ದಳು. ಇದೂ ಹಂಗೇ ಅಂದುಕೋತೀನಿ ಬಿಡು ಅಂದಳು ಅಜ್ಜಿ. ಒಂದೇ ಷರತ್ತು. ಅತ್ತ ಮೇಲೆ ತಕ್ಷಣ ನಿಜ ಹೇಳಬೇಕು, ಇಲ್ಲದಿದ್ದರೆ ಸುಳ್ಳು ಮೈಗೆ ಅಂಟಿಕೊಳ್ಳುತ್ತೆ. ಅದಕ್ಕೇ ನಾನೂ ಬರ್ತೀನಿ ಅಂತ ಹಟ ಹಿಡಿದಳು. ಹೀಗೆ ಸತ್ತ ಅಜ್ಜಿ ಬುತ್ತಿ ಕಟ್ಟಿಕೊಂಡು ನನ್ನ ಜೊತೆ ಸಂದರ್ಶನಕ್ಕೆ ಬಂದಳು, ಕಾಲೇಜಿನ ಜಗಲಿಯಲ್ಲಿ ನೋಟೀಸು ಬೋರ್ಡಿನ ಕೆಳಗೆ ಕೂತಳು.

ಒಳಗೆ ಮೂವರು. ಇಬ್ಬರು ಗಂಡಸರು, ಒಬ್ಬರು ಲೇಡಿ ಡಾಕ್ಟರು. ಮಧ್ಯದವರು ಕಿತ್ತಳೆಹಣ್ಣು ಬಿಡಿಸುತ್ತಾ ಬೀಜವನ್ನು ನನ್ನ ಅರ್ಜಿಯ ಮೇಲೆ ಉಗುಳುತ್ತಿದ್ದರು. ಡಾಕ್ಟರು ಯಾಕಾಗಬೇಕು ಅಂತ ಕೇಳಿದರು. ಶುರು ಮಾಡಿದೆ. ಮಳೆ ಬಂತು, ಗಾಡಿ ಹೊರಟಿತು. ಕೆರೆ ಕಟ್ಟೆ ಅನ್ನುವಷ್ಟರಲ್ಲಿ ಕಿತ್ತಳೆಯವರು, ಗಾಲಿ ಹೂತುಹೋಯಿತಾ ಅಂದರು. ಮೂವರೂ ನಕ್ಕರು. ಬೆಳಗಿಂದ ಆ ಕಟ್ಟೆ ಮೇಲೆ ಎಷ್ಟು ಅಜ್ಜಿಯರು ಸತ್ತರೋ ಅಂತ ಪಕ್ಕದವರು ಕಣ್ಣೊರೆಸಿಕೊಂಡರು. ಅವರ ಕಣ್ಣಲ್ಲಿ ನೀರೇನೋ ಬಂತು, ಮೇಷ್ಟ್ರು ಹೇಳಿದ ನೀರಲ್ಲ. ಪಾಪ, ಮುಂದುವರಿಸಮ್ಮ, ಅಭಿನಯ ಚೆನ್ನಾಗಿದೆ ಅಂತ ಲೇಡಿ ಡಾಕ್ಟರು ಅಂದರು. ನನ್ನ ಕೈಯಲ್ಲಿ ಕರವಸ್ತ್ರ ಇತ್ತು. ಅದನ್ನು ಮಡಿಸಿ ಅವರ ಮೇಜಿನ ಮೇಲಿಟ್ಟೆ.

ನಮ್ಮಜ್ಜಿ ಸತ್ತಿಲ್ಲ, ಹೊರಗೆ ಕೂತಿದ್ದಾಳೆ ಅಂದೆ, ಕನ್ನಡದಲ್ಲೇ. ಸತ್ತವನು ನಮ್ಮಪ್ಪ, ಸಾರಾಯಿ ಕುಡಿದು ಸತ್ತ, ಬಟ್ಟಲು ನಾನು ಹಿಡಿದಿದ್ದೆ, ಆ ರಕ್ತ ಎಲ್ಲಿಂದ ಬರುತ್ತೆ ಅಂತ ತಿಳಿಯಬೇಕು ಅಂತ ಓದಿದೆ ಅಂದೆ. ನಗು ನಿಂತಿತು. ಈಗಲಾದರೂ ಕೇಳುತ್ತಾರೆ ಅಂದುಕೊಂಡೆ. ಕಿತ್ತಳೆಯವರು ಕೈ ಒರೆಸಿಕೊಂಡು, ಮನೆ ವಿಷಯ ಇಲ್ಲಿ ಬೇಡಮ್ಮ, ಮುಂದಿನವರನ್ನು ಕಳಿಸು ಅಂದರು. ಮೇಷ್ಟ್ರು ಹೇಳಿದ ಒಂದು ಮಾತು ನಿಜವಾಯಿತು. ಕುಡುಕನಿಗೆ ಯಾರೂ ಅಯ್ಯೋ ಅನ್ನಲಿಲ್ಲ.

ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಅದು ನಿನಗೆ ಗೊತ್ತು. ಸೀಟು ಸಿಕ್ಕಿದ್ದು ಮಂಡಿಕಲ್ ಕಡೆಯ ಹುಡುಗಿಗೆ, ಅವಳೂ ಮೇಷ್ಟ್ರ ಶಿಷ್ಯೆಯೇ. ಮೊದಲು ಒಳಗೆ ಹೋದವಳು ಅವಳು, ಆಗಿನ್ನೂ ಆ ಗಾಡಿ ಹೊಸದು. ಅವಳ ಅಜ್ಜಿಯನ್ನು ಮೊನ್ನೆ ಸಂತೆಯಲ್ಲಿ ಕಂಡೆ, ಹುಣಸೆಹಣ್ಣಿಗೆ ಚೌಕಾಸಿ ಮಾಡುತ್ತಾ ಗಟ್ಟಿಮುಟ್ಟಾಗಿದ್ದಳು. ಮೇಷ್ಟ್ರು ನನಗೂ ಹೇಳಿ ಕಳಿಸಿದ್ದಾರೆ. ಬರುವ ವರ್ಷಕ್ಕೆ ಹಾವು ಕಚ್ಚಿದ ತಮ್ಮನನ್ನು ಕೊಡುತ್ತಾರಂತೆ. ನನಗೆ ತಮ್ಮನೇ ಇಲ್ಲ ಅಂದರೆ ಇನ್ನೂ ಅನುಕೂಲವಂತೆ.

ಚಿಂತಾಮಣಿಯಲ್ಲಿ ಬಿ.ಎಸ್ಸಿ.ಗೆ ಅರ್ಜಿ ಹಾಕಿದ್ದೇನೆ. ಸಂದರ್ಶನಗಳು ಎಲ್ಲೆಲ್ಲಿ ಇವೆಯೋ ಅಲ್ಲೆಲ್ಲ ಮತ್ತೆ ಹೋಗುತ್ತೇನೆ, ಹಸಿರು ಲಂಗ ಉಟ್ಟು, ಗಡಿಯಾರ ಕಟ್ಟಿಕೊಂಡು, ಅಪ್ಪನನ್ನು ಜೊತೆಗೆ ಇಟ್ಟುಕೊಂಡು. ಬೇಕಾದವರು ಕೇಳಲಿ, ಬೇಡದವರು ಕಿತ್ತಳೆ ತಿನ್ನಲಿ.

ಸಿಟ್ಟಿದ್ದರೂ ನಿನ್ನವಳೇ ಆದ ಮಗಳು,
ಆಂಜಿನಮ್ಮ

ತಾ.ಕ.: ಒಂದು ವಿಷಯ ಬಿಟ್ಟಿದ್ದೆ. ನಾನು ಹೊರಗೆ ಬಂದಾಗ ಅಜ್ಜಿ ಬುತ್ತಿ ಬಿಚ್ಚುತ್ತಿದ್ದಳು. ಅತ್ತರಾ ಅಂತ ಕೇಳಿದಳು. ನಕ್ಕರು ಅಂದೆ. ಪರರು ಯಾಕೆ ಅಳ್ತಾರೆ, ಕಾಗೆ ಸುದ್ದೀನ ಹೊಟ್ಟೇಲಿ ಹುಟ್ಟಿದವರಿಗೆ ಹೇಳಬೇಕು ಅಂದಳು. ಆಮೇಲೆ ಮುದ್ದೆ ಮುರಿಯುತ್ತಾ, ನನ್ನ ಮುಖ ನೋಡದೆ, ಗಾಡಿ ಕಥೆ ಕೇಳಿದಾಗ ನಿಮ್ಮಮ್ಮ ಅತ್ತಳಾ ಅಂತ ಕೇಳಿದಳು. ತುಂಬಾ ಅತ್ತಳು ಅಜ್ಜಿ ಅಂತ ಹೇಳಿದೆ. ಅವಳು ನಂಬಿದಳು. ಊಟ ಮಾಡಿದಳು. ಶನಿವಾರದ ಬಸ್ಸಿಗೆ ಬಾ ಅಮ್ಮ, ಅವಳು ಅದನ್ನೇ ಮತ್ತೆ ನನ್ನನ್ನು ಕೇಳುವುದರೊಳಗೆ.