ಬಿಸ್ತ್ರಿಕ್ ಇಳಿಜಾರಿನಲ್ಲಿ ಮೊದಲು ಕೇಳಿದ ಮಾತು

ಸರಾಯೆವೊ
ಮಂಗಳವಾರ, 14 ಅಕ್ಟೋಬರ್ 2014

ನನ್ನ ಬಂಗಾರ ಬೆಲ್ಮಾ,

ನಿಂತಿದ್ದರೆ ಮೊದಲು ಕೂತುಕೋ. ಎಂಟು ತಿಂಗಳ ಬಸುರಿ ನಿಂತುಕೊಂಡು ಓದುವ ಪತ್ರವಲ್ಲ ಇದು. ಇವತ್ತು ಬೆಳಿಗ್ಗೆ ನಿನ್ನಪ್ಪನನ್ನು ಎದೆಯ ಆಪರೇಶನ್ನಿಗೆ ಒಳಗೆ ಕರೆದುಕೊಂಡು ಹೋದರು. ಇದನ್ನು ಬರೆಯುವಾಗ ಇನ್ನೂ ಒಳಗೇ ಇದ್ದಾನೆ. ನಿನಗೆ ಒಂದು ಮಾತೂ ಹೇಳಕೂಡದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದ. ಹೇಳುವುದಿಲ್ಲ ಎಂದು ಆಣೆ ಮಾಡಿದ್ದೇನೆಯೇ ಹೊರತು ಬರೆಯುವುದಿಲ್ಲ ಎಂದಲ್ಲ. ಫೋನ್ ಮಾಡಿದರೆ ನೀನು ಅಳುತ್ತೀಯ, ನಿನ್ನ ಅಳು ಕೇಳಿ ನಾನೂ ಅಳುತ್ತೇನೆ. ಕಾಗದ ಗೋಥೆನ್‌ಬರ್ಗ್ ಮುಟ್ಟುವ ಹೊತ್ತಿಗೆ ಆಗುವುದು ಆಗಿರುತ್ತದೆ.

ಆಸ್ಪತ್ರೆಯ ಪಡಸಾಲೆಯಲ್ಲಿ ಎಷ್ಟು ಹೊತ್ತು ಅಂತ ಕೂರಲಿ? ಆ ತುದಿಯಿಂದ ಈ ತುದಿಗೆ ತಿರುಗುತ್ತಲೇ ಇದ್ದೆ. ಕೊನೆಗೆ ಒಬ್ಬಳು ನರ್ಸ್, "ಅಮ್ಮಾ, ನೀವು ಓಡಾಡೋದು ನೋಡಿ ನಮಗೇ ತಲೆ ಸುತ್ತುತ್ತೆ. ಸಂಜೆಗೆ ಮುಂಚೆ ಏನೂ ಗೊತ್ತಾಗಲ್ಲ, ಪೇಟೆ ಕಡೆ ಹೋಗಿ ಬನ್ನಿ" ಎಂದು ಕೈಗೆ ಕೋಟು ಕೊಟ್ಟು ಹೊರಗೆ ಕಳಿಸಿದಳು. ಗುಡ್ಡ ಇಳಿದು ಬಂದೆ. ಟ್ರಾಮ್ ಹತ್ತಲಿಲ್ಲ, ಹತ್ತಿದರೆ ಮತ್ತೆ ಕೂರಬೇಕಲ್ಲ.

ನಿಂತಲ್ಲೆಲ್ಲ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ, ಈಗ ಕೆಥೆಡ್ರಲ್ಲಿನ ಮೆಟ್ಟಿಲ ಮೇಲಿದ್ದೇನೆ. ಒಳಗೆ ಹೋಗಿ ಮೇಣದಬತ್ತಿ ಹಚ್ಚಿದೆ. ಹಚ್ಚಿದ ಮೇಲೆ ಎದುರಿಗಿರುವ ಮಾತೆಗೆ ಏನು ಹೇಳಬೇಕೆಂದು ತೋಚದೆ, "ರಾಗಿಬ್ ಅಂತ, ಸ್ವಲ್ಪ ಹಠದವನು, ನೋಡಿಕೊಳ್ಳಮ್ಮ" ಎಂದೆ. ನಿನ್ನಪ್ಪ ನೋಡಿದ್ದರೆ ಬಿಡುತ್ತಿದ್ದನೇ? "ಏನೇ ಜೆವಾಹಿರಾ, ಎಲ್ಲಾ ಕೌಂಟರಲ್ಲೂ ಅರ್ಜಿ ಹಾಕ್ತಿದೀಯಾ?" ಎನ್ನುತ್ತಿದ್ದ. ಹಾಕುತ್ತೇನೆ, ಅವನಿಗೇನು ಕಷ್ಟ?

ಆಮೇಲೆ ಹಳೆಯ ಆರ್ಥೊಡಾಕ್ಸ್ ಚರ್ಚಿಗೂ ಹೋದೆ. ಅಲ್ಲಿ ಮೇಲಂತಸ್ತಿನಲ್ಲಿ ಒಂದು ಕೂಸಿನ ಪುಟ್ಟ ಶವಪೆಟ್ಟಿಗೆ ಇದೆಯಲ್ಲ, ಮಕ್ಕಳಾಗದವರು ಅದರ ಕೆಳಗೆ ನುಸುಳಿ ಹೋಗುತ್ತಾರಲ್ಲ, ನಾನೂ ಬಗ್ಗಿ ನುಸುಳಿದೆ. ಸೊಂಟ ಹಿಡಿದುಕೊಂಡಿತು. ಅಲ್ಲಿ ಗುಡಿಸುತ್ತಿದ್ದ ಹೆಂಗಸು, "ಅಜ್ಜೀ, ಈ ವಯಸ್ಸಿನಲ್ಲಾ?" ಎಂದಳು. "ನನಗಲ್ಲ ತಾಯಿ, ಮಗಳಿಗೆ" ಎಂದೆ. "ಅವಳಿಗೆ ಆಗಿಲ್ವಾ?" "ಆಗ್ಲೇ ಎಂಟು ತಿಂಗಳು." ಪಾಪ, ಪೊರಕೆ ಹಿಡಿದುಕೊಂಡು ನನ್ನನ್ನೇ ನೋಡಿದಳು. "ಇರಲಿ ಅಂತ" ಎಂದು ಹೇಳಿ ಬಂದೆ.

ನಗಬೇಡ. ಅಥವಾ ನಗು, ನಕ್ಕರೆ ಮಗುವಿಗೆ ಒಳ್ಳೆಯದು. ಆಮೇಲೆ ಹೇಳುವುದು ನಗುವ ವಿಷಯವಲ್ಲ.

ಈಗ ಬೇಗೋವಾ ಮಸೀದಿಯ ಅಂಗಳಕ್ಕೆ ಬಂದಿದ್ದೇನೆ, ಕಾರಂಜಿಯ ಪಕ್ಕ. ನಮಾಜಿಗೆ ನಿಂತೆ, ಎಷ್ಟನೆಯ ಸಲ ಬಾಗಿದೆ ಎಂಬುದೇ ಮರೆತುಹೋಯಿತು. ಹೊರಗೆ ಬಂದು ಹೊತ್ತೆಷ್ಟಾಯಿತೆಂದು ಗಡಿಯಾರದ ಗೋಪುರ ನೋಡಿದೆ. ಅದೋ ಸೂರ್ಯ ಮುಳುಗಿದಾಗ ಹನ್ನೆರಡು ಹೊಡೆಯುವ ಗಡಿಯಾರ! ಹುಟ್ಟಿದಾಗಿನಿಂದ ನೋಡಿದ್ದರೂ ಇವತ್ತು ಅದರ ಮೇಲೆ ಸಿಟ್ಟು ಬಂತು. ಈ ಊರಿನಲ್ಲಿ ಒಂದು ಗಡಿಯಾರವೂ ಆಸ್ಪತ್ರೆಯ ಹೊತ್ತು ಹೇಳುವುದಿಲ್ಲ.

ಬೆಲ್ಮಾ, ನಾನು ಒಂದು ಕೆಲಸ ಮಾಡಿದ್ದೇನೆ. ಅದು ಎದೆಯಲ್ಲಿ ಮುಳ್ಳಿನಂತೆ ಕೂತಿದೆ.

ಡಾಕ್ಟರು ಬೇಸಿಗೆಯಲ್ಲೇ ಆಪರೇಶನ್ ಬೇಕೆಂದಿದ್ದರು. ನಿನ್ನಪ್ಪ ಒಪ್ಪಲಿಲ್ಲ. "ಬಾಗಿಲು ತೆಗೆದು ಒಳಗೆ ನೋಡೋಕೆ ನಾನೇನು ಬೀರುವಾ?" ಎಂದ. ನಾನು ಬೈದೆ, ಕಣ್ಣೀರು ಹಾಕಿದೆ, ಒಲೆ ಹಚ್ಚದೆ ಕೂತೆ. ಮೆಟ್ಟಿಲು ಹತ್ತುವಾಗ ಅವನ ತುಟಿ ನೀಲಿಯಾಗುತ್ತಿತ್ತು, ನೋಡಿಕೊಂಡು ಹೇಗೆ ಸುಮ್ಮನಿರಲಿ? ಕೊನೆಗೆ ಹೋದ ವಾರ ಒಂದು ದಿನ ಊಟ ಮುಗಿಸಿ, "ಸರಿ. ಏಳು ಅಣ್ಣತಮ್ಮಂದಿರ ಹತ್ರ ಕೇಳ್ತೀನಿ. ಅವರು ಹೋಗು ಅಂದ್ರೆ ಹೋಗ್ತೀನಿ" ಎಂದ. ಯಾವತ್ತೂ ಗೋರಿಗೆ ಕೈ ಮುಗಿಯದ ಮನುಷ್ಯ!

ನಿನಗೆ ನೆನಪಿರಬೇಕು, ಕಾಲೇಜು ಪರೀಕ್ಷೆಗೆ ಮುಂಚೆ ಬಿಸ್ತ್ರಿಕ್ ಇಳಿಜಾರಿನ ಮೇಲಿರುವ ಆ ಏಳು ಅಣ್ಣತಮ್ಮಂದಿರ ಗೋರಿಗೆ ನೀನೂ ಹೋಗಿದ್ದೆ. ಮನೆ ಬಿಟ್ಟ ಮೇಲೆ ತುಟಿ ಬಿಚ್ಚುವ ಹಾಗಿಲ್ಲ. ಏಳು ಗೋರಿಯ ಏಳು ಕಿಟಕಿಗೂ ಒಂದೊಂದು ನಾಣ್ಯ ಹಾಕಿ, ಮನಸ್ಸಿನಲ್ಲೇ ಪ್ರಶ್ನೆ ಕೇಳಿ ನಡೆಯಬೇಕು. ದಾರಿಯಲ್ಲಿ ಯಾರದ್ದೇ ಆಗಲಿ, ಮೊದಲು ಕಿವಿಗೆ ಬಿದ್ದ ಮಾತೇ ಉತ್ತರ.

ನಾನು ಆ ಉತ್ತರವನ್ನು ದೈವಕ್ಕೆ ಬಿಡಲಿಲ್ಲ ಮಗಳೇ. ಪಕ್ಕದ ಮನೆಯ ಯಾಗೋದಾಳನ್ನು ಕರೆದು, "ಇಳಿಜಾರಿನ ತಿರುವಿನಲ್ಲಿ ನಿಂತಿರು. ರಾಗಿಬ್ ಹತ್ರ ಬಂದಾಗ ಫೋನಲ್ಲಿ ಮಾತಾಡೋ ಹಂಗೆ ಮಾಡಿ, 'ಹೋಗು, ಹೆದರಬೇಡ, ಒಳ್ಳೇದಾಗುತ್ತೆ' ಅನ್ನು" ಎಂದು ಹೇಳಿಕೊಟ್ಟೆ. ಅವಳು ಶಿಲುಬೆ ಗುರುತು ಮಾಡಿಕೊಂಡು, "ದೇವರಿಗೇ ಮೋಸ ಮಾಡ್ತಿದೀಯಲ್ಲೇ" ಎಂದಳು. ಆದರೆ ಒಪ್ಪಿಕೊಂಡಳು.

ಮಾರನೆಯ ದಿನ ಅವನು ಮುಂದೆ, ನಾನು ಹಿಂದೆ. ನಾಣ್ಯ ಹಾಕಿ ಮುಗಿಸಿ ಇಳಿಯತೊಡಗಿದೆವು. ತಿರುವಿಗೆ ಇನ್ನೂ ದೂರವಿತ್ತು. ಒಂದು ಗೇಟಿನ ಮುಂದೆ ಇಬ್ಬರು ಗಂಡಸರು ಹಳೇ ಕಾರಿನ ಬಾನೆಟ್ ಎತ್ತಿ ಬಗ್ಗಿ ನೋಡುತ್ತಿದ್ದರು. ಅದರಲ್ಲೊಬ್ಬ ಎದ್ದು ನಿಂತು, "ಬಿಡೋ, ಇದರ ಕಥೆ ಮುಗೀತು. ಬಿಚ್ಚಿದ್ರೆ ವಾಪಸ್ ಜೋಡಿಸೋಕಾಗಲ್ಲ" ಎಂದ. ಬೀದಿಗೆಲ್ಲ ಕೇಳುವ ಹಾಗೆ.

ನಿನ್ನಪ್ಪನ ಹೆಜ್ಜೆ ಒಂದು ಕ್ಷಣ ತಡೆಯಿತು, ಬೆನ್ನು ಸ್ವಲ್ಪ ಬಾಗಿತು, ಅಷ್ಟೇ. ಮತ್ತೆ ನಡೆದ. ತಿರುವಿನಲ್ಲಿ ಯಾಗೋದಾ ನಾಟಕದವಳ ಹಾಗೆ ಕಿರುಚಿದಳು, "ಹೋಗು, ಹೆದರಬೇಡ, ಒಳ್ಳೇದಾಗುತ್ತೆ!" ಫೋನನ್ನು ತಲೆಕೆಳಗಾಗಿ ಹಿಡಿದಿದ್ದಳು ಕತ್ತೆ. ನಿನ್ನಪ್ಪ ನನ್ನ ಕಡೆ ತಿರುಗಿ, "ಕೇಳಿದ್ಯಾ? ಹೋಗು ಅಂದ್ರು. ಇನ್ನು ನಿನ್ನ ಅಳು ನಿಲ್ಲಿಸು" ಎಂದ. ಅವತ್ತೇ ಡಾಕ್ಟರಿಗೆ ಫೋನ್ ಮಾಡಿದ.

ಅವನಿಗೆ ಕೇಳಿತ್ತು ಬೆಲ್ಮಾ. ನನಗೆ ಕೇಳಿದ್ದು ನನಗಿಂತ ಮುಂದಿದ್ದವನಿಗೆ ಕೇಳದಿರುತ್ತದೆಯೇ? ಬೇಡ ಎನ್ನುವ ಉತ್ತರ ಸಿಕ್ಕಿದ್ದರೂ, ನನ್ನ ಕಾಟಕ್ಕೆ, ನನ್ನ ಮುಖ ನೋಡಲಾರದೆ ಹೋಗಿದ್ದಾನೆ. ಆಮೇಲೆ ಪ್ರತಿದಿನ ಬೆಳಿಗ್ಗೆ ಎದ್ದು, "ಬೇಡ ಬಿಡು, ನಾನೂ ಕೇಳಿಸಿಕೊಂಡೆ" ಎಂದು ಹೇಳಬೇಕು ಅಂದುಕೊಳ್ಳುತ್ತಿದ್ದೆ. ಹೇಳಿದರೆ ಆಪರೇಶನ್ ಬೇಡವೆಂದು ನಿಂತುಬಿಡುತ್ತಾನೆ, ನಿಂತರೆ ಚಳಿಗಾಲ ದಾಟುವುದಿಲ್ಲ. ಹೇಳದಿದ್ದರೆ, ಒಳಗೆ ಏನಾದರೂ ಆದರೆ, ಕೈಯಾರೆ ತಳ್ಳಿದವಳು ನಾನು. ಇವತ್ತು ಬೆಳಿಗ್ಗೆ ಆಸ್ಪತ್ರೆಯ ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ಹೋಗುವಾಗಲೂ ಬಾಯಿ ತೆರೆದೆ. "ಹಲ್ಲಿನ ಸೆಟ್ಟು ನಿನ್ನ ಹತ್ರಾನೇ ಇರಲಿ" ಎಂದು ಅವನು ಅದನ್ನು ನನ್ನ ಕೈಗೆ ಕೊಟ್ಟ. ಬಾಗಿಲು ಮುಚ್ಚಿತು.

ಈಗ ನದಿ ದಾಟಿ ಸಂತ ಆಂಟನಿಯ ಚರ್ಚಿನ ಮುಂದಿದ್ದೇನೆ. ಪಕ್ಕದ ಬಿಯರ್ ಕಾರ್ಖಾನೆಯ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಮಂಗಳವಾರ ಈ ಸಂತನ ದಿನ ತಾನೇ, ಒಳಗೆ ಕಾಲಿಡಲು ಜಾಗವಿಲ್ಲ, ಅರ್ಧದಷ್ಟು ನಮ್ಮ ಮಸೀದಿಯವರೇ. ಮಾಂಸದಂಗಡಿಯ ಸಾಬಿತ್ ಕೂಡ ಟೋಪಿ ಕೈಯಲ್ಲಿ ಹಿಡಿದು ಮೂಲೆಯಲ್ಲಿ ನಿಂತಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸಿದೆವು. ಕಳೆದ ವಸ್ತು ಹುಡುಕಿಕೊಡುವ ಸಂತ ಅಂತಾರೆ. ಇನ್ನೂ ಕಳೆದುಕೊಂಡಿಲ್ಲಪ್ಪ, ಕಳೆದುಕೊಳ್ಳುವಂತೆ ಮಾಡಬೇಡ ಎಂದು ಕೇಳಿಕೊಂಡೆ.

ಅಲ್ಲಿಂದ ಏಳು ಅಣ್ಣತಮ್ಮಂದಿರ ಹತ್ತಿರವೂ ಹತ್ತಿದೆ. ನಾಣ್ಯ ಹಾಕಲಿಲ್ಲ, ಏನೂ ಕೇಳಲಿಲ್ಲ. "ಮೋಸ ಮಾಡಿದ್ದು ನಾನು, ಲೆಕ್ಕ ನನ್ನ ಹತ್ತಿರ ತೀರಿಸಿಕೊಳ್ಳಿ" ಎಂದು ಮಾತ್ರ ಹೇಳಿದೆ. ಆಮೇಲೆ ಎರಡು ಕಿವಿಗೂ ಬೆರಳಿಟ್ಟುಕೊಂಡು ಇಳಿಜಾರಿನಲ್ಲಿ ಓಡಿದೆ. ನಿನ್ನ ತಾಯಿ, ಅರವತ್ತಾರರ ಮುದುಕಿ, ಹಾಡುಹಗಲೇ ಹುಚ್ಚಿಯ ಹಾಗೆ. ಎದುರಿಗೆ ಬಂದವರು ಏನೋ ಅಂದರು, ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಿಸಿಕೊಳ್ಳಲಿಲ್ಲ.

ಬೆಳಕು ಇಳಿಯುತ್ತಿದೆ. ಮತ್ತೆ ಆಸ್ಪತ್ರೆಯ ಗುಡ್ಡ ಹತ್ತಬೇಕು. ಕಾಲು ಬೇಡ ಅನ್ನುತ್ತಿದೆ, ಆದರೂ ಹೊರಡುತ್ತೇನೆ. ನನ್ನನ್ನು ಕ್ಷಮಿಸು ಎಂದು ಈಗ ಬರೆಯುವುದಿಲ್ಲ, ಯಾವುದಕ್ಕೆ ಕೇಳಬೇಕೋ ಇನ್ನೂ ಗೊತ್ತಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿನ್ನಪ್ಪನ ಹೆಸರು ಒಂದು ಸಲ ಹೇಳು. ಮಗು ಕೇಳಿಸಿಕೊಳ್ಳಲಿ.

ನಿನ್ನ ತಾಯಿ,
ಜೆವಾಹಿರಾ

ಕೊನೆಯಲ್ಲಿ ಸೇರಿಸಿದ್ದು: ಆಸ್ಪತ್ರೆಯ ಪಡಸಾಲೆಯಿಂದ ಬರೆಯುತ್ತಿದ್ದೇನೆ. ಆಪರೇಶನ್ ಮುಗಿದಿದೆ, ಉಸಿರಾಡುತ್ತಿದ್ದಾನೆ. ನಾಳೆಯವರೆಗೆ ಏನೂ ಹೇಳಲಾಗದು ಎಂದರು ಡಾಕ್ಟರು. ಯಾಗೋದಾ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದಳು. ನನ್ನ ಪಾಪವನ್ನೆಲ್ಲ ಅವಳ ಮುಂದೆ ತೋಡಿಕೊಂಡೆ. ಅವಳು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮುಚ್ಚಿ, ತಲೆ ತಗ್ಗಿಸಿ ಹೇಳಿದಳು. ನಾನು ಅವಳ ಮನೆಗೆ ಹೋಗುವ ಮೊದಲೇ ನಿನ್ನಪ್ಪ ಹೋಗಿದ್ದನಂತೆ, ಅದೇ ತಿರುವಿನಲ್ಲಿ ನಿಂತು 'ಹೋಗು' ಅನ್ನು ಎಂದಿದ್ದನಂತೆ. "ಡಾಕ್ಟರಿಗೆ ಬರ್ತೀನಿ ಅಂತ ಆಗ್ಲೇ ಹೇಳಿದೀನಿ ಯಾಗೋದಾ. ಆದ್ರೆ ಒಳಗೆ ನನಗೇನಾದ್ರೂ ಆದ್ರೆ, ನಾನೇ ತಳ್ಳಿದೆ ಅಂತ ಅವಳು ಸಾಯೋವರೆಗೂ ಕೊರಗ್ತಾಳೆ. ಆ ಹೊಣೆ ಏಳು ಅಣ್ಣತಮ್ಮಂದಿರ ತಲೆ ಮೇಲೆ ಹೋಗಲಿ. ಜೋರಾಗಿ ಹೇಳು, ನನ್ನ ಹಿಂದೆ ಬರೋಳಿಗೆ ಕೇಳಿಸಬೇಕು."