ಎರೆಹುಳುವಿಗೆ ಗಂಡೋ ಹೆಣ್ಣೋ ಎನ್ನುವ ಯಂತ್ರ

ಮಾನ್ಯ ಪ್ರಧಾನ ಸಂಪಾದಕರೇ,

ನಿಮ್ಮ ವಿಜ್ಞಾನ ಪತ್ರಿಕೆಯ ಬಾಗಿಲು ಕಾಯುವ ತಪಾಸಣಾ ಯಂತ್ರ, ನಾನು ನಿಜ ಹೇಳಿದಷ್ಟೂ ಸಲ ನನ್ನ ಪ್ರಬಂಧವನ್ನು ವಾಪಸ್ ಕಳಿಸಿ, ಸುಳ್ಳು ಹೇಳಿದ ಕೂಡಲೇ ಒಳಗೆ ಬಿಟ್ಟುಕೊಂಡಿದೆ. ಇದನ್ನು ಬಹಿರಂಗವಾಗಿ ಬರೆಯಲು ಕಾರಣವಿಷ್ಟೇ: ಖಾಸಗಿಯಾಗಿ ಬರೆದ ಐದು ಪತ್ರಗಳಿಗೂ ಅದೇ ಯಂತ್ರ ಉತ್ತರ ಕೊಟ್ಟಿತು.

ಯಂತ್ರವೆಂದರೆ ಮೂಗು ಮುರಿಯುವವಳಲ್ಲ ನಾನು. ನಾವು ಮೂವರು ಆರು ತಿಂಗಳು ಕಣ್ಣಾಡಿಸಿದ್ದ ಕೋಷ್ಟಕದಲ್ಲಿ ಮೊತ್ತ ತಪ್ಪಿದ್ದನ್ನು ಅದು ಚಿಟಿಕೆ ಹೊಡೆಯುವಷ್ಟರಲ್ಲಿ ಹಿಡಿಯಿತು. ಭೇಷ್! ಆಮೇಲೆ ಕೇಳಿತು: 'ಪ್ರಯೋಗಕ್ಕೆ ಬಳಸಿದ ಪ್ರಾಣಿಗಳಲ್ಲಿ ಗಂಡೆಷ್ಟು, ಹೆಣ್ಣೆಷ್ಟು?'

ಸ್ವಾಮಿ, ನಮ್ಮವು ಇನ್ನೂರ ನಲವತ್ತು ಎರೆಹುಳುಗಳು. ಪ್ರತಿಯೊಂದೂ ಗಂಡೂ ಹೌದು, ಹೆಣ್ಣೂ ಹೌದು. ಹಾಗೆಂದೇ ಬರೆದೆ. 'ಸಂಖ್ಯೆ ನಮೂದಿಸಿಲ್ಲ' ಎಂದು ಹಿಂದಿರುಗಿತು. ಎರಡೂ ಕಡೆ ಸೊನ್ನೆ ಹಾಕಿದೆ. 'ಪ್ರಯೋಗದಲ್ಲಿ ಪ್ರಾಣಿಗಳೇ ಇಲ್ಲ' ಎಂದಿತು. ಆಗ ನಮ್ಮ ಪ್ರಯೋಗಾಲಯದ ಅಣ್ಣ ಬಗ್ಗಿ ನೋಡಿ, "ಮೇಡಂ, ಇನ್ನೂರ ನಲವತ್ತು ಗಂಡು, ಇನ್ನೂರ ನಲವತ್ತು ಹೆಣ್ಣು ಅಂತ ಹಾಕಿ. ನಿಜಾನೇ ಅಲ್ವಾ?" ಎಂದರು. ನಿಜವೇ. ಯಂತ್ರ ಕೂಡಿಸಿ ನೋಡಿತು: 'ಒಟ್ಟು ನಾನೂರ ಎಂಬತ್ತಾಗುತ್ತದೆ. ದತ್ತಾಂಶದ ಪ್ರಾಮಾಣಿಕತೆ ಅನುಮಾನಾಸ್ಪದ.' ಅಯ್ಯೋ ಕರ್ಮವೇ!

ಈ ಅಣ್ಣನ ವಿಷಯ ಹೇಳಲೇಬೇಕು. ಇಪ್ಪತ್ತೆರಡು ವರ್ಷದಿಂದ ನಮ್ಮಲ್ಲಿ ಸಹಾಯಕರು. ಮಣ್ಣಿಗೆ ಸಾಸಿವೆ ಪುಡಿ ಕದಡಿದ ನೀರು ಸುರಿದು, ಮೇಲೆ ಬಂದ ಹುಳುಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿ, ಬೆನ್ನು ಬಾಗಿಸಿಕೊಂಡೇ ಎಣಿಸುತ್ತಾರೆ. ಎಣಿಸುವಾಗ ಯಾರಾದರೂ ಮಾತಾಡಿಸಿದರೆ ಮೊದಲಿನಿಂದ ಶುರು. ಅವರ ಎಣಿಕೆಯಿಂದ ಹನ್ನೊಂದು ಪ್ರಬಂಧಗಳು ಹೊರಬಂದವು. ಅವರಿಗೆ ಸಿಕ್ಕಿದ್ದು ಕೊನೆಯಲ್ಲಿ 'ಸಹಾಯಕ್ಕೆ ವಂದನೆಗಳು', ಅದೂ ಹೆಸರಿಲ್ಲದೆ. ಅವುಗಳಲ್ಲಿ ಮೂರು ನನ್ನವೇ, ನಾಚಿಕೆಯಾಗುತ್ತದೆ. "ಇಷ್ಟು ವರ್ಷ ಮಣ್ಣು ಕೆದಕಿದ್ರಲ್ಲ, ಎಲ್ಲಿದೆ ನಿಮ್ಮ ಹೆಸರು?" ಎಂದು ಅವರ ಮನೆಯವರು ಕಿಚಾಯಿಸುತ್ತಾರಂತೆ. ಈ ಸಲ ಲೇಖಕರ ಸಾಲಿನಲ್ಲೇ ಅವರ ಹೆಸರಿದೆ. ಮುಂದಿನ ತಿಂಗಳ ಕೊನೆಗೆ ಅವರ ನಿವೃತ್ತಿ.

ಅದಕ್ಕೇ ಅವಸರಕ್ಕೆ ಬಿದ್ದೆ. ಗಂಡು ನೂರ ಇಪ್ಪತ್ತು, ಹೆಣ್ಣು ನೂರ ಇಪ್ಪತ್ತು ಎಂದು ಬರೆದೆ. ತಕ್ಷಣ ಹಸಿರು ಗುರುತು! 'ಗುಣಮಟ್ಟ: ಅತ್ಯುತ್ತಮ.' ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ. ನಿಮ್ಮ ಯಂತ್ರ ಕರುವಿಗೆ ಪ್ರಮಾಣಪತ್ರವನ್ನೂ ಕೊಟ್ಟಿತು.

ಕುಣಿಯುತ್ತಾ ಹೋಗಿ ಅಣ್ಣನಿಗೆ ತೋರಿಸಿದೆ. ಓದಿದರು. ನಗಲಿಲ್ಲ.

"ಒಂದು ಹುಳ ತಪ್ಪಿದ್ರೂ ತಿರುಗಾ ಎಣಿಸಿದೀನಿ ಮೇಡಂ. ಮೊದಲನೇ ಸಲ ನನ್ನ ಹೆಸರು ಬರೋದು, ಈ ಸುಳ್ಳಿನ ಮೇಲಾ? ಬೇಡ, ತೆಗೀರಿ."

"ಅಣ್ಣ, ತೆಗೆದ್ರೆ ನೀವು ರಿಟೈರ್ ಆಗೋ ಅಷ್ಟರಲ್ಲಿ ಬರಲ್ಲ."

"ಬರದಿದ್ರೆ ಬೇಡ ಬಿಡಿ."

ಕೈ ತೊಳೆದು ಬಂದು, ಪ್ರಬಂಧ ಹಿಂಪಡೆಯುವ ಗುಂಡಿಯನ್ನು ಅವರೇ ಒತ್ತಿದರು. ಆಮೇಲೆ ತಟ್ಟೆಗಳನ್ನು ತೊಳೆಯಲು ಹೋದರು. ನನಗೆ ಅಳು ಬಂತು.

ಈಗ ಹೇಳಿ ಮಾನ್ಯರೇ, ಆ ದಿನ ಗುಣಮಟ್ಟ ಪರೀಕ್ಷಿಸಿದ್ದು ಯಾರು? ನಿಮ್ಮ ಯಂತ್ರವೋ, ನಮ್ಮ ಅಣ್ಣನೋ?

ಯಂತ್ರವನ್ನು ಕಿತ್ತೆಸೆಯಿರಿ ಎನ್ನುತ್ತಿಲ್ಲ. ಕೂಡುವುದು ಅದಕ್ಕೆ ಚೆನ್ನಾಗಿ ಬರುತ್ತದೆ, ಇರಲಿ. ನನ್ನ ಬೇಡಿಕೆ ಒಂದೇ. ನಿಜ ಬರೆದ ಪ್ರತಿಯನ್ನು ಇವತ್ತು ಮತ್ತೆ ಕಳಿಸಿದ್ದೇನೆ. ಎರಡು ಕಣ್ಣಿರುವ ಒಬ್ಬರು ಮನುಷ್ಯರು, ಮುಂದಿನ ತಿಂಗಳು ಮುಗಿಯುವುದರೊಳಗೆ, ಅದನ್ನು ಓದಬೇಕು. ಪ್ರಬಂಧ ಕಳಪೆಯಾಗಿದ್ದರೆ ಧಾರಾಳವಾಗಿ ತಿರಸ್ಕರಿಸಿ. ಓದಿ ತಿರಸ್ಕರಿಸಿದರು ಎಂದರೆ ಅಣ್ಣ ಬೇಸರ ಮಾಡಿಕೊಳ್ಳುವುದಿಲ್ಲ.

ಇಂತಿ,
ಸುಳ್ಳು ಬರೆದ ಒಂದೇ ದಿನ ನಿಮ್ಮಲ್ಲಿ 'ಅತ್ಯುತ್ತಮ' ಎನಿಸಿಕೊಂಡ
ಎರೆಹುಳುಗಳ ಸಂಶೋಧಕಿ