ಕ್ಯಾಲ್ಸಿಯಂ ಆಡಿದ ಮಾತು

ತುಂಬ, ತಿರುವನಂತಪುರ
12 ಜನವರಿ 2025

ಮುದ್ದು ಇಂಚರಾ,

ಹೇಗಿದ್ದೀಯೇ? ಕೊಚ್ಚಿಯ ಆ ಎಡಪ್ಪಳ್ಳಿ ಧೂಳಿಗೆ ಮತ್ತೆ ಕೆಮ್ಮು ಶುರುವಾಗಿಲ್ಲ ತಾನೆ? ಅಳಿಯಂದಿರನ್ನೂ ಕೇಳಿದೆ ಅನ್ನು. ನಿನ್ನ ಮುಖ ನೋಡಿ ನಾಲ್ಕು ವರ್ಷವಾಯ್ತು.

ತೊಡೆ ಮೂಳೆ ಮುರಿದ ಸುದ್ದಿ ನಿಮ್ಮಪ್ಪ ಹೇಳಿದ್ದಾರಲ್ಲ. ಬೀಳಲೂ ಇಲ್ಲ ಕಣೇ, ಕುಕ್ಕರ್ ಇಳಿಸಿ ತಿರುಗಿದೆ, ಲಟಕ್ ಅಂತು! ಒಂದು ವರ್ಷದಿಂದ ಮೈಕೈ ನೋವು ಅಂತ ನಾನೇ ಡಾಕ್ಟರಾಗಿ ಎರಡು ಹೊತ್ತು ರಾಗಿ ಗಂಜಿ ಕುಡಿದು, ಮೇಲೆ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದೇ ನುಂಗಿದ್ದು. ಮಾಡಿದ್ದುಣ್ಣೋ ಮಾರಾಯ! ರಕ್ತದಲ್ಲಿ ಕ್ಯಾಲ್ಸಿಯಂ ಆಗಲೇ ಮಿತಿಮೀರಿತ್ತಂತೆ. ಕತ್ತಿನೊಳಗೆ ಪ್ಯಾರಾಥೈರಾಯ್ಡ್ ಅಂತ ಅಕ್ಕಿಕಾಳಿನಷ್ಟು ಗ್ರಂಥಿಗಳಿರುತ್ತವಂತೆ, ನನ್ನದೊಂದು ಊದಿಕೊಂಡು ಹಾರ್ಮೋನ್ ಸುರಿಸುತ್ತಲೇ ಇದೆ. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಮೂಳೆಯಲ್ಲಿ ಕಟ್ಟುವ ಜೀವಕೋಶ ಬೇರೆ, ಕೆಡವುವ ಜೀವಕೋಶ ಬೇರೆ. ಹಾರ್ಮೋನು ಹೇಳೋದು ಕಟ್ಟುವ ಜೀವಕೋಶಕ್ಕಂತೆ, ಅದೇ ಹೋಗಿ ಕೆಡವುವವನ್ನ ಬೆಳೆಸಿ ಕೆಲಸಕ್ಕೆ ಹಚ್ಚುತ್ತಂತೆ. ಕಟ್ಟೋರೇ ಕೆಡವೋರನ್ನ ಸಾಕೋದು! ಕೇಳಿ ನನಗೆ ಅಳು ಬಂತು. ಪಾಪ, ಆಕೆ ನೋವಿಗೆ ಅಂದುಕೊಂಡು ಇಂಜೆಕ್ಷನ್ ಬರೆದರು.

ಕ್ಯಾಲ್ಸಿಯಂ ಏರಿದರೆ ಸಿಡುಕು, ಮರೆವು ಎಲ್ಲ ಬರುತ್ತೆ ಅಂದರು. ಅಷ್ಟು ಕೇಳಿದ್ದೇ ನಿಮ್ಮಪ್ಪ ಹೊರಗೋಡಿ ನಿನಗೆ ಫೋನ್ ಮಾಡಿದರು. ಐದನೇ ತಿಂಗಳಲ್ಲಿ ನಿನ್ನ ಹೊಟ್ಟೆಯ ಕೂಸು ಹೋದಾಗ, ಕೊಚ್ಚಿಯ ಆಸ್ಪತ್ರೆ ಮಂಚದ ಪಕ್ಕ ನಿಂತು "ರಜೆ ಹಾಕಿ ಮಲಗು ಅಂದರೆ ಕೇಳಿದೆಯಾ? ಕೈಯಾರೆ ಕಳ್ಕೊಂಡು ಈಗ ಅಳ್ತೀಯಾ" ಅಂದೆನಲ್ಲ. ಅಂದಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ. "ಅದು ಅವಳಲ್ಲಮ್ಮ, ಕ್ಯಾಲ್ಸಿಯಂ ಆಡಿದ ಮಾತು" ಅಂದರಂತೆ ನಿಮ್ಮಪ್ಪ. ನೀನು ಬಿಕ್ಕಿ ಬಿಕ್ಕಿ ಅತ್ತೆಯಂತೆ. ಇಪ್ಪತ್ತಮೂರಕ್ಕೆ ನನ್ನ ಕತ್ತಿನ ಆಪರೇಷನ್, ಹಿಂದಿನ ದಿನವೇ ರೈಲು ಹತ್ತುತ್ತೀಯಂತೆ. ನಿನ್ನ ತಮ್ಮ ಪ್ರಥಮ್ "ಎಲ್ಲಾಂ ಶರಿಯಾಯಿ ಅಮ್ಮಾ" ಅಂತ ಮಲಯಾಳದಲ್ಲೇ ಕುಣಿದ. ನಾನೂ ಹೂಂ ಅಂದುಬಿಟ್ಟೆ.

ನೀವಿಬ್ಬರೂ ತಣ್ಣಗಿರಿ ತಾಯಿ, ಇನ್ನೊಂದು ಸಂಕಟ ನಿಮ್ಮ ಕಡೆ ಸುಳಿಯದಿರಲಿ.

ನಿನ್ನ ಅಮ್ಮ,
ನಿರ್ಮಲ

ತಾ.ಕ.: ಫೋನಿನಲ್ಲಿ ಬಾಯಿ ಬರಲಿಲ್ಲ, ಅದಕ್ಕೇ ಕಾಗದ. ಡಾಕ್ಟರು ಹಳೆಯ ರಿಪೋರ್ಟ್ ಕೇಳಿದರು ಅಂತ ಪ್ರಥಮನ ಕೈಲಿ ಫೈಲು ತರಿಸಿದೆ. ನೀನು ಆಸ್ಪತ್ರೆಯಲ್ಲಿದ್ದ ಆ ವಾರವೇ ನನ್ನ ರಕ್ತಪರೀಕ್ಷೆಯೂ ಆಗಿತ್ತು ಮಗಳೇ. ಕ್ಯಾಲ್ಸಿಯಂ ಸರಿಯಾಗೇ ಇತ್ತು. ಆ ಮಾತು ಆಡಿದ್ದು ನಾನೇ. ನಿಮ್ಮಪ್ಪನಿಗೆ ಇನ್ನೂ ಹೇಳಿಲ್ಲ. ಇದನ್ನ ಓದಿ ನೀನು ಬರದೇ ಹೋದರೂ ಈ ಸಲ ನಾನು ಒಂದು ಮಾತೂ ಅನ್ನೋಲ್ಲ.